ದೊಡ್ಡಪ್ಪನ ಕಂಪ್ಯಾನಿಯನ್, ದೊಡ್ಡಮ್ಮನ ಗೇರ್

"ಎರಡಕ್ಕೆ ಹಾಕುವಾಗ ಅವಸರ ಮಾಡಬೇಡ ಮಾಣಿ. ನಡುವೆ ಒಂದು ಉಸಿರು ಬಿಡು."

2019ರ ದಸರಾ ರಜೆ. ದೊಡ್ಡಪ್ಪನ ಹಳೆ ಕಾರು, ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಾಲ್ಕು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತಿತ್ತು. ಟೈರಿನಲ್ಲಿ ಗಾಳಿ ಇಲ್ಲ, ಎಂಜಿನ್ ತಿರುಗುವುದಿಲ್ಲ. ನಾನು ಸುಮ್ನೆ ಡ್ರೈವರ್ ಸೀಟಿನಲ್ಲಿ ಕೂತು ಗೇರ್ ರಾಡ್ ಅಲ್ಲಾಡಿಸಿ ನೋಡುತ್ತಿದ್ದೆ. ದೊಡ್ಡಮ್ಮ ಕಷಾಯದ ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತು ಈ ಮಾತು ಹೇಳಿದಳು. ಆಗ ಅವಳಿಗೆ 79. ಆ ಕಾರು ಓಡುವುದು ನಿಂತು 23 ವರ್ಷ ಆಗಿತ್ತು.

ನಾನು ತೀರ್ಥಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ತೋಟದ ಪಂಪ್‌ಸೆಟ್ಟು, ಮಿಕ್ಸಿ, ಗಿರಣಿಯ ಮೋಟಾರು ಇವೇ ನನ್ನ ಕೆಲಸ. ಕಾರಿನ ಎಂಜಿನ್ ಬಿಚ್ಚಿದವನಲ್ಲ. ಆದರೆ ಆ ದಿನ ಲೋಟ ವಾಪಸ್ ಕೊಡುವ ಹೊತ್ತಿಗೆ ಈ ಕಾರನ್ನು ಓಡಿಸಲೇಬೇಕು ಅಂತ ತೀರ್ಮಾನ ಮಾಡಿದ್ದೆ.

ಕಾರು ಯಾವುದು ಅಂತ ಹೇಳಬೇಕು. ಸ್ಟ್ಯಾಂಡರ್ಡ್ ಕಂಪ್ಯಾನಿಯನ್, ಆರ್‌ಸಿ ಪುಸ್ತಕದ ಪ್ರಕಾರ 1971ರದ್ದು. ನಂಬರ್ ಎಂ ವೈ ಅಂತ ಶುರುವಾಗುತ್ತದೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್‌ನಲ್ಲಿ ಅಲ್ವಾ, ಈ ಕಾರು ಅದಕ್ಕಿಂತ ಮುಂಚಿನದು, ಮೈಸೂರು ರಾಜ್ಯದ್ದು. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಕಾರು ಅಂದರೆ ಮೂರೇ ಕಂಪನಿ. ಕಲ್ಕತ್ತಾ ಪಕ್ಕದ ಉತ್ತರಪಾರಾದಲ್ಲಿ ಅಂಬಾಸಿಡರ್, ಬೊಂಬಾಯಿಯಲ್ಲಿ ಪ್ರೀಮಿಯರ್ ಫಿಯಟ್, ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್. ಮದ್ರಾಸಿನವರು 1961ರಿಂದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಕಾರನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನುವ ಹೆಸರಿನಲ್ಲಿ ಮಾಡುತ್ತಿದ್ದರು. ಅದರ ಆಕಾರ ಬಿಡಿಸಿದವನು ಇಟಲಿಯ ಜೊವಾನಿ ಮಿಕೆಲೋಟಿ. ಇಂಗ್ಲೆಂಡಿನ ಹೆರಾಲ್ಡಿಗೆ ಎರಡೇ ಬಾಗಿಲು. ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ್ದು ನಮ್ಮ ಮದ್ರಾಸಿನವರು. ಅದಕ್ಕೇ ಹಿಂದೆ ಐದನೇ ಬಾಗಿಲು ಇಟ್ಟು ಸ್ಟೇಷನ್ ವ್ಯಾಗನ್ ಮಾಡಿದ್ದೇ ಕಂಪ್ಯಾನಿಯನ್. ಹೆರಾಲ್ಡ್ ಈಗಲೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಕಂಪ್ಯಾನಿಯನ್ ಮಾತ್ರ ನಮ್ಮದು ಬಿಟ್ಟು ಇನ್ನೊಂದನ್ನು ನಾನು ಕಣ್ಣಾರೆ ಕಂಡಿಲ್ಲ.

ನಮ್ಮ ಮನೆ ಮೇಗರವಳ್ಳಿ ಹತ್ತಿರ, ಮುಖ್ಯ ರಸ್ತೆಯಿಂದ ಎರಡು ಮೈಲಿ ಒಳಗೆ. ದೊಡ್ಡಪ್ಪ ಈ ಕಾರನ್ನು ತಂದಿದ್ದಕ್ಕೆ ಕಾರಣ ಆ ಹಿಂಬಾಗಿಲು. ಹಿಂದಿನ ಸೀಟು ಮಡಚಿದರೆ ಒಂದು ಚಾಪೆ ಹಾಸುವಷ್ಟು ಜಾಗ. ಅಡಿಕೆ ಮೂಟೆ, ಬಾಳೆಗೊನೆ, ಅಡಿಕೆ ಸಸಿ ಎಲ್ಲ ಅದರಲ್ಲೇ ಹೋಗುತ್ತಿತ್ತು. ಊರಿನಲ್ಲಿ ಹೆರಿಗೆ ನೋವು ಶುರುವಾದರೆ ಮೊದಲು ನಮ್ಮ ಮನೆಗೇ ಓಡಿ ಬರುತ್ತಿದ್ದರು. ಹಿಂದೆ ಕಂಬಳಿ ಹಾಸಿ, ಮಲಗಿಸಿಕೊಂಡೇ ತೀರ್ಥಹಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಹುಟ್ಟುವ ಮುಂಚೆ ನಮ್ಮಮ್ಮನೂ ಹಾಗೇ ಹೋದವಳು. ಇನ್ನೊಂದು ಗುಣ ಅಂದರೆ ತಿರುವು. ಹೆರಾಲ್ಡಿನ ಮುಂದಿನ ಚಕ್ರಗಳು ಎಷ್ಟು ಓರೆಯಾಗುತ್ತವೆ ಅಂದರೆ 25 ಅಡಿ ಅಗಲ ಇದ್ದರೆ ಸಾಕು, ಇಡೀ ಕಾರು ಒಂದೇ ಸಲಕ್ಕೆ ತಿರುಗುತ್ತದೆ. ನಮ್ಮ ಅಂಗಳದಲ್ಲಿ ಅಡಿಕೆ ಹರವಿದ ಮೇಲೆ ಉಳಿದ ಜಾಗದಲ್ಲೇ ದೊಡ್ಡಪ್ಪ ತಿರುಗಿಸಿಕೊಂಡು ನಿಲ್ಲಿಸುತ್ತಿದ್ದರಂತೆ.

1978ರ ಅಡಿಕೆ ಕೊನೆಕೊಯ್ಲಿನ ಸಮಯದಲ್ಲಿ ದೊಡ್ಡಪ್ಪ ಅಟ್ಟದ ಏಣಿಯಿಂದ ಬಿದ್ದು ಎಡಗೈ ಮೊಣಕೈ ಮುರಿದುಕೊಂಡರು. ಎರಡು ತಿಂಗಳು ಪಟ್ಟಿ. ಕೊಯ್ಲು ನಿಲ್ಲುವ ಹಾಗಿಲ್ಲ, ಅಡಿಕೆ ಮಂಡಿಗೆ ಹೋಗಬೇಕು, ಆಳುಗಳಿಗೆ ಅಕ್ಕಿ ತರಬೇಕು. ಕಾರು ಬಿಡುವವರು ಮನೆಯಲ್ಲಿ ಬೇರೆ ಇಲ್ಲ. ಆಗ ದೊಡ್ಡಮ್ಮ ಪಕ್ಕದ ಸೀಟಿನಲ್ಲಿ ಕೂತು ಬಲಗೈಯಲ್ಲಿ ಗೇರ್ ಹಾಕಲು ಕಲಿತಳು. ದೊಡ್ಡಪ್ಪ ಕ್ಲಚ್ ಒತ್ತಿ "ಎರಡು" ಅನ್ನಬೇಕು, ಇವಳು ಹಾಕಬೇಕು. ಎರಡು ದಿನ ಹಾಗೆ ಹೇಳಬೇಕಾಯಿತಂತೆ. ಮೂರನೇ ದಿನದಿಂದ ಎಂಜಿನ್ ಸದ್ದು ಕೇಳಿಯೇ ಇವಳಿಗೆ ಗೊತ್ತಾಗುತ್ತಿತ್ತು, ಹೇಳುವ ಮೊದಲೇ ಕೈ ರಾಡಿನ ಮೇಲಿರುತ್ತಿತ್ತು. ಆ ಎರಡು ತಿಂಗಳು ಮೇಗರವಳ್ಳಿಯಿಂದ ತೀರ್ಥಹಳ್ಳಿವರೆಗೆ ಆ ಕಾರನ್ನು ಇಬ್ಬರೂ ಸೇರಿ ಬಿಟ್ಟರು.

ಕೈ ವಾಸಿಯಾದ ಮೇಲೂ ಅವಳು ಆಗಾಗ ಹಾಕುತ್ತಿದ್ದಳಂತೆ. ಈ ಕಥೆಯನ್ನು ಅವಳು ನನಗೆ ಹೇಳಿದ್ದು ಆ ದಸರಾದ ದಿನ, ಶೆಡ್ಡಿನಲ್ಲಿ ನಿಂತು. ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

1996ರಲ್ಲಿ ದೊಡ್ಡಪ್ಪನಿಗೆ ಕಣ್ಣು ಮಂಜಾಯಿತು. ಕಾರು ಶೆಡ್ಡಿಗೆ ಹೋಯಿತು. 2009ರಲ್ಲಿ ಅವರು ತೀರಿಕೊಂಡರು. ಆಗುಂಬೆಗೆ ಹತ್ತಿರದ ಊರು ನಮ್ಮದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಬ್ಬಿಣಕ್ಕೆ ಒಣಗುವುದೇ ಗೊತ್ತಿಲ್ಲ. ಅದರ ಜೊತೆಗೆ ಕೊಟ್ಟಿಗೆ ಪಕ್ಕ. ದನದ ಗಂಜಳದ ಆವಿ ತಗಡನ್ನು ತಿನ್ನುತ್ತದೆ. ಕಾರು ಇಡಲೇಬೇಕಾದರೆ ಕೊಟ್ಟಿಗೆಯಿಂದ ದೂರ ಇಡಿ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ.

ಕೆಲಸ ಶುರು ಮಾಡುತ್ತೇನೆ ಅಂದಾಗ ಎಲ್ಲರದ್ದೂ ಒಂದೇ ಸಲಹೆ. "ಓಮ್ನಿ ಎಂಜಿನ್ನು, ಅದರದ್ದೇ ಗೇರ್ ಬಾಕ್ಸು ಕೂರಿಸು. ಪಾರ್ಟ್ಸ್ ಎಲ್ಲಾ ಕಡೆ ಸಿಗತ್ತೆ, ಅರ್ಧ ದುಡ್ಡಲ್ಲಿ ಮುಗಿಯತ್ತೆ." ಒಂದು ಗ್ಯಾರೇಜಿನವರು ಹಾಗೆ ಮಾಡಲು ದರವನ್ನೂ ಬರೆದು ಕೊಟ್ಟರು. ತಪ್ಪು ಸಲಹೆ ಏನಲ್ಲ, ದಿನಾ ಓಡಿಸುವವರಿಗೆ ಅದೇ ಸರಿ ಇರಬಹುದು. ಆದರೆ ದೊಡ್ಡಮ್ಮ ಹೇಳಿದ ಆ ಉಸಿರು ಓಮ್ನಿ ಗೇರ್ ಬಾಕ್ಸಿನಲ್ಲಿ ಎಲ್ಲಿ ಬರುತ್ತದೆ? ಎಂಜಿನ್ ಹೋದರೂ ಹೋಗಲಿ, ಆ ಗೇರ್ ಬಾಕ್ಸ್ ಮಾತ್ರ ಬದಲಾಯಿಸಬಾರದು ಅಂತ ಮನಸ್ಸಿಗೆ ಬಂತು. ಆಮೇಲೆ ಎಂಜಿನ್ನೂ ಉಳಿಯಿತು.

ಮೇಸ್ತ್ರಿ ಸಿಕ್ಕಿದ್ದು ಶಿವಮೊಗ್ಗದಲ್ಲಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಹೆರಾಲ್ಡ್ ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ ಒಂದೊಂದೇ ಅಂಗಡಿ ಕೇಳುತ್ತಾ ಹೋದೆ. ಒಬ್ಬ ಹುಡುಗ "ನಮ್ಮಜ್ಜ ಮಾಡ್ತಿದ್ರು, ಈಗ ಮನೇಲಿದಾರೆ" ಅಂದ. ಅಜ್ಜನಿಗೆ 76 ವರ್ಷ. ನಾನು ಫೋನಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ ಅವರು ಕೇಳಿದ್ದು ಒಂದೇ ಮಾತು. "ಟ್ರನಿಯನ್‌ಗೆ ಗ್ರೀಸ್ ಹಾಕಿದಾರಾ, ಆಯಿಲ್ ಹಾಕಿದಾರಾ?"

ಆ ಪ್ರಶ್ನೆಯ ಅರ್ಥ ನನಗೆ ತಿಳಿದದ್ದು ಮುಂದಿನ ಚಕ್ರ ಬಿಚ್ಚಿದಾಗ. ಹೆರಾಲ್ಡಿನ ಮುಂದಿನ ಚಕ್ರ ಹೊತ್ತ ಕಂಬದ ಕೆಳತುದಿಯಲ್ಲಿ ಥ್ರೆಡ್ ಇದೆ. ಅದು ಟ್ರನಿಯನ್ ಅನ್ನುವ ಹಿತ್ತಾಳೆಯಂಥ ಲೋಹದ ತುಂಡಿನೊಳಗೆ ತಿರುಪಿನ ಹಾಗೆ ಕೂರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪೇ ತಿರುಗುವುದು. ಅದಕ್ಕೆ 90 ನಂಬರಿನ ಗೇರ್ ಆಯಿಲ್ ಬೇಕು. ಗ್ರೀಸ್ ಹಾಕಿದರೆ ಒಳಗೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ನೀರು ಕೂತು ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬವೇ ಮುರಿದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ನಮ್ಮ ಕಾರಿನ ಎಡಗಡೆಯದ್ದರಲ್ಲಿ ಗ್ರೀಸ್ ತುಂಬಿತ್ತು. ಬಲಗಡೆಯದ್ದರಲ್ಲಿ ಆಯಿಲ್. ಕೊನೆಯ ಸಲ ಸರ್ವೀಸಿಗೆ ಬಿಟ್ಟ ಜಾಗದಲ್ಲಿ ಯಾರೋ ಅರ್ಧಕ್ಕೆ ಬುದ್ಧಿ ಬದಲಾಯಿಸಿರಬೇಕು. ಎಡಗಡೆಯ ಥ್ರೆಡ್ ಪೂರ್ತಿ ಹೋಗಿತ್ತು. ಇನ್ನೊಂದು ಮಳೆಗಾಲ ಓಡಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತದೆ.

ಚಾಸಿಯ ವಿಷಯ. ಆ ಕಾಲದ ಹೆಚ್ಚಿನ ಸಣ್ಣ ಕಾರುಗಳಿಗೆ ಬೇರೆ ಚಾಸಿ ಇರಲಿಲ್ಲ, ಬಾಡಿಯೇ ಚಾಸಿ. ಹೆರಾಲ್ಡಿಗೆ ಲಾರಿಯ ಹಾಗೆ ಕೆಳಗೆ ಬೇರೆ ಚಾಸಿ ಉಂಟು. ಇಂಗ್ಲೆಂಡಿನಲ್ಲಿ ಟ್ರಯಂಫ್ ಕಾರು ಮಾಡುತ್ತಿದ್ದ ಸ್ಟ್ಯಾಂಡರ್ಡ್ ಕಂಪನಿಗೆ ಬಾಡಿ ಒತ್ತಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಬಿಎಂಸಿ ಕೊಂಡುಕೊಂಡಿತ್ತು. ಇಡೀ ಬಾಡಿ ಒಂದೇ ಕಡೆ ಮಾಡಿಸುವ ದಾರಿ ಇಲ್ಲದೆ ಇವರು ತುಂಡು ತುಂಡಾಗಿ ಮಾಡಿಸಿ ಚಾಸಿ ಮೇಲೆ ಬೋಲ್ಟು ಹಾಕಿ ಕೂರಿಸಿದರು. ಅವರಿಗೆ ಬಂದ ಆ ತೊಂದರೆಯಿಂದ ಅರವತ್ತು ವರ್ಷ ಆದ ಮೇಲೆ ನನಗೆ ಅನುಕೂಲ ಆಯಿತು. ಬಾನೆಟ್ ಪೂರ್ತಿ ಮುಂದಕ್ಕೆ ಬಾಗುತ್ತದೆ, ಮಡ್‌ಗಾರ್ಡ್ ಸಮೇತ. ನಾಲ್ಕು ಜನ ಸೇರಿ ಅದನ್ನು ಎತ್ತಿ ಅಂಗಳದಲ್ಲಿಟ್ಟೆವು. ಎರಡು ದಿನದಲ್ಲಿ ಬಾಡಿ ಬೇರೆ, ಚಾಸಿ ಬೇರೆ.

ಚಾಸಿಯ ನಡುವಿನ ಎರಡು ಉದ್ದ ಕಂಬಿ ಚೆನ್ನಾಗಿದ್ದವು. ಬದಿಗೆ ಚಾಚಿಕೊಂಡ ಕೈಗಳು ಮಾತ್ರ ಬೆರಳಿಟ್ಟರೆ ಪುಡಿ. ನೆಲದ ತಗಡಿನಲ್ಲಿ ನಾಲ್ಕು ತೂತು, ಒಂದರಲ್ಲಿ ಅಡಿಕೆ ಸಿಪ್ಪೆ ಸೇರಿ ಇಲಿ ಗೂಡು ಮಾಡಿತ್ತು. ಅಲ್ಲಿಗೆ 2020ರ ಮಾರ್ಚ್ ಬಂತು, ಎಲ್ಲ ನಿಂತಿತು. ಆ ಲಾಕ್‌ಡೌನಿನ ದಿನಗಳಲ್ಲಿ ಶೆಡ್ಡಿನ ನೆಲದ ಮೇಲೆ ಬೋಲ್ಟುಗಳನ್ನು ಹರವಿ, ಡಬ್ಬಿಗಳಲ್ಲಿ ಹಾಕಿ, ಯಾವುದು ಎಲ್ಲಿಯದು ಅಂತ ಬರೆದಿಟ್ಟೆ. ದೊಡ್ಡಮ್ಮ ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು ಕೊಟ್ಟಳು. ಮುಂದೆ ಒಂದು ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಬಾಟಲಿ ಕೊಂಡು ತರಬೇಕಾಯಿತು. ಚಾಸಿಯ ಕೈಗಳನ್ನು ಆಮೇಲೆ ಮಾಚೇನಹಳ್ಳಿ ಕಡೆಯ ಒಂದು ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಹೊಸದಾಗಿ ಮಡಚಿಸಿ ಬೆಸುಗೆ ಹಾಕಿಸಿದೆ. ಶಿವಮೊಗ್ಗ, ಭದ್ರಾವತಿ ನಡುವೆ ಇರುವವರಿಗೆ ಕಬ್ಬಿಣದ ಕೆಲಸಕ್ಕೆ ಕೊರತೆ ಇಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ್ದು 1923ರಲ್ಲಿ. ಫೌಂಡ್ರಿ, ಲೇತು, ಗ್ರೈಂಡಿಂಗು ಬಲ್ಲ ಕೈಗಳು ಈ ಸುತ್ತಿನಲ್ಲಿ ಮನೆ ಮನೆಯಲ್ಲಿ ಇವೆ. ಬೇರೆ ಊರಿನವನಾಗಿದ್ದರೆ ನಾನು ಅರ್ಧಕ್ಕೇ ಬಿಡುತ್ತಿದ್ದೆನೇನೋ.

ಎಂಜಿನ್ 948 ಸಿಸಿ. ಒಂದು ಲೀಟರೂ ಇಲ್ಲ. 63 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 76 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ). ಸ್ಟ್ರೋಕ್ ಉದ್ದ ಇರುವುದರಿಂದ ನಿಧಾನಕ್ಕೆ ಎಳೆಯುತ್ತದೆ, ಏರಿನಲ್ಲಿ ಬೇಗ ಉಸಿರು ಕಟ್ಟುವುದಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ಡೀಸೆಲ್ ಸುರಿದು ಎಂಟು ದಿನ ಬಿಟ್ಟ ಮೇಲೆ ಎಂಜಿನ್ ತಿರುಗಿತು. ಆಗ ಮೇಸ್ತ್ರಿ ಒಂದು ಪರೀಕ್ಷೆ ಮಾಡಿಸಿದರು. ನಾನು ಕ್ಲಚ್ ಒತ್ತಬೇಕು, ಅವರು ಮುಂದೆ ಕೂತು ಪುಲ್ಲಿಯನ್ನು ನೋಡುತ್ತಾರೆ. ಪ್ರತಿ ಸಲ ಒತ್ತಿದಾಗಲೂ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಬರುತ್ತಿತ್ತು. "ಥ್ರಸ್ಟ್ ವಾಷರ್ ಹೋಗಿದೆ ತಮ್ಮಾ" ಅಂದರು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡ, ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಅರ್ಧ ಚಂದ್ರನಂಥ ಎರಡು ವಾಷರ್. ಕ್ಲಚ್ ಒತ್ತಿ ಹಿಡಿದಷ್ಟೂ ಅದರ ಮೇಲೆ ಭಾರ. ಕೆಳಗಿನ ಎಣ್ಣೆ ತೊಟ್ಟಿ, ಸಂಪು ಬಿಚ್ಚಿದರೆ ಒಂದು ವಾಷರ್ ಕೆಳಗೆ ಎಣ್ಣೆಯಲ್ಲಿ ಬಿದ್ದಿತ್ತು. ಪುಣ್ಯಕ್ಕೆ ಬ್ಲಾಕಿಗೆ ಪೆಟ್ಟಾಗಿರಲಿಲ್ಲ.

ಪಿಸ್ಟನ್ ಹುಡುಕಿಕೊಂಡು ಚೆನ್ನೈನ ಪುದುಪೇಟೆಗೆ ಮೂರು ಸಲ ಹೋದೆ. ಹಳೆ ಗಾಡಿಗಳನ್ನು ಬಿಚ್ಚಿ ಮಾರುವ ಬೀದಿ ಅದು. ಸ್ಟ್ಯಾಂಡರ್ಡ್ ತಯಾರಾದ ಊರೇ ಅದಾದ್ದರಿಂದ ಸಿಕ್ಕರೆ ಅಲ್ಲೇ ಸಿಗಬೇಕು. ಮೂರನೇ ಸಲ ಒಂದು ಅಂಗಡಿಯ ಅಟ್ಟದಲ್ಲಿ ಮೇಣದ ಕಾಗದ ಬಿಚ್ಚದ ಓವರ್‌ಸೈಜಿನ, ಅಂದರೆ ಮೂಲಕ್ಕಿಂತ ತುಸು ದಪ್ಪದ ಪಿಸ್ಟನ್ ಸೆಟ್ ಸಿಕ್ಕಿತು. ಅದರ ಜೊತೆಗೆ ಯಾವುದೋ ಹೆರಾಲ್ಡಿನ ಒಂದು ಇಡೀ ಗೇರ್ ಬಾಕ್ಸ್. ರಾತ್ರಿ ರೈಲಿನಲ್ಲಿ ಪಿಸ್ಟನ್ ಡಬ್ಬಿಯನ್ನು ತಲೆದಿಂಬಿನ ಹಾಗೆ ಇಟ್ಟುಕೊಂಡೇ ಬಂದೆ.

ಇಲ್ಲಿ ಹಳೆ ಗಾಡಿ ಇರುವವರು ಗಮನಿಸಬೇಕಾದ ಒಂದು ವಿಷಯ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ನಮ್ಮ ಕಾರು ಮಲಗಿದ್ದು 1996ರಲ್ಲಿ. ಅಂದರೆ ಈ ಎಂಜಿನ್ ಸೀಸವಿಲ್ಲದ ಪೆಟ್ರೋಲನ್ನು ಕಂಡೇ ಇಲ್ಲ ಅನ್ನಬಹುದು. ಸೀಸ ವಾಲ್ವ್ ಸೀಟಿನ ಮೇಲೆ, ಅಂದರೆ ವಾಲ್ವ್ ಬಂದು ಮುಚ್ಚಿಕೊಳ್ಳುವ ಅಂಚಿನ ಮೇಲೆ, ಒಂದು ಪದರ ಕಟ್ಟಿ ಅದನ್ನು ಕಾಯುತ್ತಿತ್ತು. ಅದಿಲ್ಲದೆ ಬೀಡು ಕಬ್ಬಿಣದ ಸೀಟು ಬೇಗ ಸವೆಯುತ್ತದೆ. ಅದಕ್ಕೆ ಹೆಡ್ ಬಿಚ್ಚಿದ್ದಾಗಲೇ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಉಕ್ಕಿನ ಸೀಟು ಕೂರಿಸಿದೆವು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ, ಅದು ಹಳೆ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಂ, ಪೈಪು, ಕಾರ್ಬುರೇಟರ್ ವಾಷರ್ ಎಲ್ಲ ಎಥನಾಲ್ ತಡೆಯುವ ರಬ್ಬರಿನದ್ದೇ ಹಾಕಿ. ಇದರಲ್ಲಿ ಚೌಕಾಸಿ ಬೇಡ, ಪೆಟ್ರೋಲ್ ಸೋರಿದರೆ ಬೆಂಕಿ.

ಗೇರ್ ಬಾಕ್ಸ್ ಬಿಚ್ಚಿದ್ದು 2022ರ ಜುಲೈಯಲ್ಲಿ. ಹೊರಗೆ ಜಡಿಮಳೆ, ಕರೆಂಟಿಲ್ಲ. ನನ್ನ ಅಂಗಡಿಯ ಬಾಗಿಲ ಬೆಳಕಿನಲ್ಲಿ ಹಾಳೆಯ ಮೇಲೆ ಒಂದೊಂದೇ ಗೇರ್ ಇಡುತ್ತಾ ಹೋದರು ಮೇಸ್ತ್ರಿ. ನಾಲ್ಕು ಗೇರ್. ಒಂದನೆಯದಕ್ಕೆ ಸಿಂಕ್ರೋ ಇಲ್ಲ, ಅದು ಕಂಪನಿಯಿಂದಲೇ ಹಾಗೆ. ಹಾಗಾಗಿ ಗಾಡಿ ಪೂರ್ತಿ ನಿಂತ ಮೇಲೆ ಒಂದಕ್ಕೆ ಹಾಕಬೇಕು. ಓಡುತ್ತಿರುವಾಗಲೇ ಬೇಕು ಅಂದರೆ ಹಳೆ ಲಾರಿ ಡ್ರೈವರುಗಳ ಹಾಗೆ ಡಬಲ್ ಕ್ಲಚ್. ಅಂದರೆ ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಎಂಜಿನ್ನಿಗೆ ಒಂದು ರೇಸ್, ಮತ್ತೆ ಒತ್ತಿ ಗೇರ್. ಎರಡು, ಮೂರು, ನಾಲ್ಕಕ್ಕೆ ಸಿಂಕ್ರೋ ಉಂಟು. ಸಿಂಕ್ರೋ ಅಂದರೆ ಒಂದು ಹಿತ್ತಾಳೆ ಬಳೆ. ಅದರ ಒಳಮೈಯಲ್ಲಿ ಕೂದಲಿನಂಥ ಗೆರೆಗಳು. ಗೇರ್ ಹಾಕಿದಾಗ ಅದು ಮೊದಲು ಗೇರಿನ ಕೋನ್ ಮೇಲೆ ಹೋಗಿ ಒತ್ತಿ, ಎಣ್ಣೆಯನ್ನು ಆ ಗೆರೆಗಳಲ್ಲಿ ಹೊರಗೆ ತಳ್ಳಿ, ಬಿಗಿಯಾಗಿ ಹಿಡಿದು ಎರಡರ ವೇಗವನ್ನೂ ಒಂದು ಮಾಡುತ್ತದೆ. ಆಮೇಲೆ ಹಲ್ಲು ಸದ್ದಿಲ್ಲದೆ ಕೂರುತ್ತದೆ.

ನಮ್ಮದರ ಎರಡನೇ ಗೇರಿನ ಬಳೆಯನ್ನು ಮೇಸ್ತ್ರಿ ನನ್ನ ಕೈಗೆ ಕೊಟ್ಟರು. ಒಳಗೆ ಗೆರೆಯೇ ಇಲ್ಲ. ಕನ್ನಡಿಯ ಹಾಗೆ ನುಣ್ಣಗೆ. "ಇದು ತುಂಬಾ ಹಿಂದೆಯೇ ಹೋಗಿದೆ. ಇದರಲ್ಲಿ ಎರಡಕ್ಕೆ ಹಾಕಿದರೆ ಕರ್ ಅನ್ನಬೇಕು. ಹಲ್ಲು ಮುರೀಬೇಕು. ಆದರೆ ಹಲ್ಲು ನೋಡು, ಹೊಸದರ ಹಾಗಿದೆ. ಯಾರಪ್ಪಾ ಓಡಿಸ್ತಿದ್ರು ಇದನ್ನ?"

ಅವತ್ತು ನನಗೆ ದೊಡ್ಡಮ್ಮನ ಉಸಿರು ಅರ್ಥವಾಯಿತು. ಒಂದರಿಂದ ಎರಡಕ್ಕೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಂತರೆ ಒಳಗಿನ ಶಾಫ್ಟ್ ತಾನಾಗಿ ನಿಧಾನವಾಗುತ್ತದೆ. ಬಳೆ ಮಾಡಬೇಕಾದ ಕೆಲಸವನ್ನು ಆ ಕ್ಷಣ ಮಾಡುತ್ತದೆ. ಸವೆದ ಸಿಂಕ್ರೋದಲ್ಲಿ ಸದ್ದಿಲ್ಲದೆ ಗೇರ್ ಹಾಕುವುದನ್ನು ಅವಳು ಪುಸ್ತಕ ಓದಿ ಕಲಿತಿರಲಿಲ್ಲ, ಬಲಗೈಯಲ್ಲಿ ಕಲಿತಿದ್ದಳು. ದೊಡ್ಡಪ್ಪನಿಗೂ ಅವಳೇ ಹೇಳಿಕೊಟ್ಟಿರಬೇಕು ಅನ್ನಿಸುತ್ತದೆ. ನಾನು ಇದನ್ನು ಹೇಳಿದಾಗ ಮೇಸ್ತ್ರಿ ಕೈ ಒರೆಸಿಕೊಂಡು ಎದ್ದರು. "ನಿಮ್ಮ ದೊಡ್ಡಮ್ಮನ್ನ ಒಂದ್ಸಲ ನೋಡ್ಬೇಕು" ಅಂದರು. ಮುಂದಿನ ಭಾನುವಾರ ಮನೆಗೆ ಬಂದು, ಕಡುಬು ತಿಂದು, ಅರ್ಧ ಗಂಟೆ ಅವಳ ಹತ್ತಿರ ಗೇರಿನ ವಿಷಯವೇ ಮಾತಾಡಿ ಹೋದರು.

ಪುದುಪೇಟೆಯಿಂದ ತಂದ ಬಾಕ್ಸಿನಲ್ಲಿ ಎರಡರ ಬಳೆ ಚೆನ್ನಾಗಿತ್ತು, ಅದನ್ನು ಹಾಕಿದೆವು. ಲೇ ಶಾಫ್ಟ್, ಅಂದರೆ ಗೇರ್ ಬಾಕ್ಸಿನೊಳಗಿನ ಕೆಳಗಿನ ದಂಡದ ತುದಿ ಎರಡು ಬಾಕ್ಸಿನಲ್ಲೂ ಸವೆದಿತ್ತು. ಈ ಗೇರ್ ಬಾಕ್ಸುಗಳಲ್ಲಿ ಅದು ಮಾಮೂಲು, ಸೂಜಿ ಬೇರಿಂಗ್ ಓಡಾಡಿ ಓಡಾಡಿ ಶಾಫ್ಟಿನಲ್ಲೇ ಹಳ್ಳ ಬೀಳುತ್ತದೆ. ಶಿವಮೊಗ್ಗದ ಒಬ್ಬ ಟರ್ನರ್ ಹೊಸದನ್ನು ಕಡೆದು, ಮೇಲ್ಮೈ ಗಟ್ಟಿ ಮಾಡಿಸಿ, ಗ್ರೈಂಡ್ ಮಾಡಿ ಕೊಟ್ಟ. ಅಳತೆ ನೋಡಿದ ಮೇಸ್ತ್ರಿ ಏನೂ ಹೇಳಲಿಲ್ಲ, ತಲೆ ಆಡಿಸಿದರು. ಅವರಿಂದ ಅಷ್ಟು ಸಿಕ್ಕಿದರೆ ದೊಡ್ಡದು. ಹಳೆ ಬಳೆಯನ್ನು ದೊಡ್ಡಮ್ಮ ಕೇಳಿ ತೆಗೆದುಕೊಂಡಳು. ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯುವ ಹಾಗೆ ಮಾಡಿ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾಳೆ.

ವೈರಿಂಗ್ ಪೂರ್ತಿ ನನ್ನದೇ. ಇಂಗ್ಲೆಂಡಿನ ಲೂಕಾಸ್ ಕಂಪನಿಯ ವೈರ್ ಬಣ್ಣದ ಲೆಕ್ಕ ತಿಳಿದರೆ ಅದು ಸುಲಭ. ಕಂದು ಬ್ಯಾಟರಿಯಿಂದ ನೇರ ಬರುವುದು, ಬಿಳಿ ಇಗ್ನಿಷನ್, ಹಸಿರು ಫ್ಯೂಸ್ ದಾಟಿ ಹೋಗುವುದು, ನೀಲಿ ಹೆಡ್‌ಲೈಟು, ಕೆಂಪು ಸಣ್ಣ ದೀಪ, ಕಪ್ಪು ಅರ್ತ್. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆದು ಮಾರುತಿ ಆಲ್ಟರ್ನೇಟರ್ ಹಾಕು ಅಂತ ಇಲ್ಲೂ ಹೇಳಿದರು. ನಾನು ಅದರೊಳಗೆ ತಿರುಗುವ ಆರ್ಮೇಚರ್ ರೀವೈಂಡ್ ಮಾಡಿ, ಕಮ್ಯುಟೇಟರ್ ಕಡೆಸಿ, ನಡುವಿನ ಮೈಕಾ ತಗ್ಗಿಸಿ, ಹೊಸ ಬ್ರಷ್ ಹಾಕಿದೆ. ಫೀಲ್ಡಿಗೆ ಬ್ಯಾಟರಿ ಮುಟ್ಟಿಸಿ ಪೋಲಾರಿಟಿ ಕೊಟ್ಟು ಬೆಲ್ಟ್ ಹಾಕಿದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿತು, ಅಂದರೆ ಚಾರ್ಜ್ ಆಗುತ್ತಿದೆ. ಇಷ್ಟು ವರ್ಷ ಬೇರೆಯವರ ಪಂಪಿಗೆ ತಂತಿ ಸುತ್ತಿದ ಕೈಗೆ ಅದೊಂದು ಹಬ್ಬ.

ಅಕ್ಕನ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಡೆಟ್ರಾಯ್ಟ್ ಹತ್ತಿರ ವುಡ್‌ವರ್ಡ್ ರಸ್ತೆಯಲ್ಲಿ ಆಗಸ್ಟಿನಲ್ಲಿ ಹಳೆ ಕಾರುಗಳ ಮೆರವಣಿಗೆ ಆಗುತ್ತದೆ. ಅಲ್ಲಿಂದ ವಿಡಿಯೋ ಕಾಲ್ ಮಾಡಿ "ಮಾವಾ, ನಿಮ್ಮ ಕಾರಿನ ದೊಡ್ಡಣ್ಣನ್ನ ನೋಡಿ" ಅಂದ. ಅದೇ ಕಾಲದ ಒಂದು ಸ್ಟೇಷನ್ ವ್ಯಾಗನ್, ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್, ನಾಲ್ಕು ಗೇರಿನ ಮ್ಯಾನ್ಯುಯಲ್. ಅವರ ಕಡೆ ಆ ಕಾಲವನ್ನು ಮಸಲ್ ಕಾರುಗಳ, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರುಗಳ ಕಾಲ ಅನ್ನುತ್ತಾರೆ. 1964ರಲ್ಲಿ ಪಾಂಟಿಯಾಕ್ ಜಿಟಿಒ 6.4 ಲೀಟರಿನ ಎಂಜಿನ್ ಹೊತ್ತು ಬಂದ ಮೇಲೆ ಎಲ್ಲ ಕಂಪನಿಗಳೂ ಆ ಪಂದ್ಯಕ್ಕೆ ಇಳಿದವು. ವ್ಯಾಗನ್ ಮಾತ್ರ ಸಂಸಾರಸ್ಥರ ಗಾಡಿ, ಕೊಳ್ಳುವವರು ಹೆಚ್ಚಾಗಿ ಆಟೋಮ್ಯಾಟಿಕ್ ಕೇಳುತ್ತಿದ್ದರು. ಹಾಗಾಗಿ ದೊಡ್ಡ ಎಂಜಿನ್ನೂ ಕೈ ಗೇರೂ ಎರಡೂ ಇರುವ ವ್ಯಾಗನ್ ಅಲ್ಲಿ ಅಪರೂಪ. ಆ ಮಾಲೀಕನಿಗೆ ಅಳಿಯ ನನ್ನ ಕಾರಿನ ಫೋಟೋ ತೋರಿಸಿದ. ಆತ ಕೇಳಿದ್ದು ಎಂಜಿನ್ ಎಷ್ಟು ದೊಡ್ಡದು ಅಂತ ಅಲ್ಲ, ಗೇರ್ ಬಾಕ್ಸ್ ಅದರದ್ದೇನಾ ಅಂತ. ಹೌದು ಅಂದಾಗ ಆತ ಕ್ಯಾಮೆರಾ ಕಡೆ ನೋಡಿ ನನಗೆ ಕೈ ಮುಗಿದ. ಯಾರು ಕಲಿಸಿದರೋ, ಸರಿಯಾಗಿಯೇ ಮುಗಿದ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಊರ್ಜಿತ. ಹಳೆ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗೆ ಬಿಟ್ಟು ದಿನಾ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ನನಗೆ ಅದು ಬೇಡ ಅನ್ನಿಸಿತು. ಈ ಕಾರು ಮೂಟೆ ಹೊತ್ತದ್ದು, ಬಾಣಂತಿಯರನ್ನು ಹೊತ್ತದ್ದು. ಸಂತೆಗೆ ಹೋಗಲು ಆಗದಿದ್ದರೆ ಮಾಡಿ ಏನು ಪ್ರಯೋಜನ? ಮಾಮೂಲಿ ಎಫ್‌ಸಿ ಮಾಡಿಸಿದೆ. ಓಡಾಟ ಜಾಸ್ತಿ ಆಯಿತು, ಪರವಾಗಿಲ್ಲ. ಮುಂದಿನ ಸೀಟುಗಳಿಗೆ ಬೆಲ್ಟ್ ಹಾಕಿಸಿದೆ, ಅದು ಮೊದಲು ಇರಲಿಲ್ಲ. ಬಣ್ಣ ಮಾತ್ರ ಹಳೆಯದೇ. ಹಿಂಬಾಗಿಲ ಒಳಗಿನ ತಗಡಿನ ಹಿಂದೆ ಬೂದು ನೀಲಿ ಉಳಿದಿತ್ತು, ಅದನ್ನು ನೋಡಿಯೇ ಬಣ್ಣ ಕಲಸಿದರು.

2023ರ ನವೆಂಬರಿನಲ್ಲಿ ಮೇಸ್ತ್ರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದೆ. 14 ಹೇರ್‌ಪಿನ್ ತಿರುವು. ಈ ಕಾರಿನ ಹಿಂದಿನ ಆಕ್ಸಲ್ ಎರಡು ತುಂಡು, ಒಂದೊಂದು ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ. ಹಳ್ಳ ದಿಣ್ಣೆಯಲ್ಲಿ ಹಿತ. ಆದರೆ ತಿರುವಿನ ನಡುವೆ ಆಕ್ಸಲರೇಟರ್ ಥಟ್ ಅಂತ ಬಿಟ್ಟರೆ ಹಿಂಭಾಗ ಎದ್ದು ಹೊರಗಿನ ಚಕ್ರ ಒಳಕ್ಕೆ ಮಡಚಿ ಬಾಲ ಜಾರುತ್ತದೆ. ನಮ್ಮ ಜನರಿಗೆ, ಮೆಕ್ಯಾನಿಕ್‌ಗಳಿಗೆ ಇದರ ಮೇಲೆ ನಂಬಿಕೆ ಬರಲೇ ಇಲ್ಲ. ಹೆರಾಲ್ಡ್ ಆದ ಮೇಲೆ ಬಂದ ಗಜೆಲ್ ಕಾರಿಗೆ ಕಂಪನಿಯವರೇ ಮಾಮೂಲಿ ಗಟ್ಟಿ ಆಕ್ಸಲ್ ಹಾಕಿದರು. ಮೇಸ್ತ್ರಿ ಪ್ರತಿ ತಿರುವಿಗೂ ಒಂದೇ ಮಾತು ಹೇಳಿದರು. "ಬ್ರೇಕ್ ಮೊದಲೇ ಮುಗಿಸು. ಒಳಗೆ ಹೋದ ಮೇಲೆ ಕಾಲು ಎತ್ತಬೇಡ." ಎರಡನೇ ಗೇರಿನಲ್ಲಿ ಸೋಮೇಶ್ವರ ತನಕ ಇಳಿದೆವು. ಚಹಾ ಕುಡಿದೆವು. ಹತ್ತುವಾಗ ನೀರು ಕುದಿಯಲಿಲ್ಲ. ಒಂಬತ್ತನೇ ತಿರುವಿನಲ್ಲಿ ಎದುರು ಬಸ್ಸು ಬಂದು ನಿಲ್ಲಿಸಬೇಕಾಯಿತು. ಪೂರ್ತಿ ನಿಂತು, ಒಂದಕ್ಕೆ ಹಾಕಿ, ಮತ್ತೆ ಎಳೆದುಕೊಂಡು ಹೋಯಿತು.

ದೊಡ್ಡಮ್ಮನನ್ನು ಕರೆದುಕೊಂಡು ಹೋದದ್ದು ಎಳ್ಳಮಾವಾಸ್ಯೆ ಜಾತ್ರೆಗೆ. ಹೊಸ ಸೀರೆ ಉಟ್ಟು, ಮುಂದಿನ ಬಾಗಿಲು ತಾನೇ ತೆಗೆದು ಕೂತಳು. ಬೆಲ್ಟ್ ಹಾಕಿಕೊಟ್ಟೆ. ಗೇಟು ದಾಟುವ ತನಕ ಸುಮ್ಮನಿದ್ದಳು. ಮಣ್ಣಿನ ರಸ್ತೆ ಮುಗಿದು ಟಾರು ಸಿಕ್ಕಿತು. ಎಂಜಿನ್ ಸದ್ದು ಏರಿತು. ನಾನು ಕ್ಲಚ್ ಒತ್ತಿದೆ. ರಾಡಿನ ಕಡೆ ಕೈ ತರುವಷ್ಟರಲ್ಲಿ ಅವಳ ಕೈ ಆಗಲೇ ಅಲ್ಲಿತ್ತು.

ನ್ಯೂಟ್ರಲ್‌ಗೆ ತಂದಳು. ಒಂದು ಉಸಿರು. ಎರಡು.

ಹೊಸ ಬಳೆ, ಈಗ ಆ ಉಸಿರು ಬೇಕಾಗಿಲ್ಲ. ನಾನು ಹೇಳಲಿಲ್ಲ. ತೀರ್ಥಹಳ್ಳಿ ತನಕ ನಾನು ಕ್ಲಚ್ ಒತ್ತುತ್ತಾ ಹೋದೆ.